ಮಾರ್ಷಲ್ಸೀಯ ಗೋಡೆ, ಯಾರದೋ ಮನೆಯ ಮೆಟ್ಟಿಲು

ಲಂಡನ್ನಿಗೆ ಹೋದ ಕನ್ನಡಿಗರು ಬಸವಣ್ಣನವರ ಪ್ರತಿಮೆಯನ್ನು ನೋಡದೆ ಬರುವುದು ಕಡಿಮೆ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ, 2015ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನದಂದೇ, ಅನಾವರಣಗೊಂಡ ಪ್ರತಿಮೆ ಅದು. ಅಲ್ಲಿ ಫೋಟೋ ತೆಗೆಸಿಕೊಂಡು, ಆಚೆ ದಡದ ಪಾರ್ಲಿಮೆಂಟ್ ಭವನವನ್ನು ಕಣ್ತುಂಬ ನೋಡಿ ಮುಂದಕ್ಕೆ ಹೊರಡುವುದು ವಾಡಿಕೆ. ಅದೇ ದಂಡೆಯಲ್ಲಿ ಪೂರ್ವ ದಿಕ್ಕಿಗೆ ಮುಕ್ಕಾಲು ಗಂಟೆ ನಡೆಯುವ ವ್ಯವಧಾನವಿದ್ದವರಿಗೆ ಇನ್ನೊಂದು ಸ್ಥಳ ಸಿಗುತ್ತದೆ. ಅದಕ್ಕೆ ಟಿಕೆಟ್ ಇಲ್ಲ. ನೋಡುವಂಥದ್ದೂ ಹೆಚ್ಚೇನಿಲ್ಲ. ಅಲ್ಲಿರುವುದು ಒಂದು ಇಟ್ಟಿಗೆ ಗೋಡೆ ಮಾತ್ರ.

ನಗರದ ಆ ಭಾಗದ ಹೆಸರು ಸದರ್ಕ್. ನೆಲದಡಿಯ ರೈಲಿನಲ್ಲಿ ಬರುವವರು ನಾರ್ದರ್ನ್ ಮಾರ್ಗದ 'ಬರೋ' ಎಂಬ ನಿಲ್ದಾಣದಲ್ಲಿ ಇಳಿಯಬೇಕು. ಹೊರಗೆ ಬಂದರೆ ರಸ್ತೆಯ ಆಚೆ ಬದಿಗೆ ಸೇಂಟ್ ಜಾರ್ಜ್ ದಿ ಮಾರ್ಟರ್ ಎಂಬ ಚರ್ಚಿನ ಗೋಪುರ ಕಾಣುತ್ತದೆ. ಚರ್ಚಿನ ಪಕ್ಕದಲ್ಲಿ ಹಿಂದೆ ಸಮಾಧಿಗಳಿದ್ದ ಜಾಗ ಈಗ ಪುಟ್ಟ ಉದ್ಯಾನವಾಗಿದೆ. ಉದ್ಯಾನದ ಉತ್ತರದ ಅಂಚಿಗೆ ಆ ಗೋಡೆ ನಿಂತಿದೆ. ಗೋಡೆಯ ಆಚೆಗೆ ಏಂಜೆಲ್ ಪ್ಲೇಸ್ ಎಂಬ ಇಕ್ಕಟ್ಟಿನ ಓಣಿ, ಓಣಿಯ ಮಗ್ಗುಲಲ್ಲೇ ಒಂದು ಸಾರ್ವಜನಿಕ ಗ್ರಂಥಾಲಯ. ಇಲ್ಲಿ ಒಂದು ಕಾಲಕ್ಕೆ ಮಾರ್ಷಲ್ಸೀ ಜೈಲು ಇತ್ತೆಂದು ಫಲಕವೊಂದು ತಿಳಿಸುತ್ತದೆ. 1811ರಲ್ಲಿ ಈ ಜಾಗದಲ್ಲಿ ತೆರೆದ ಜೈಲು 1842ರಲ್ಲಿ ಮುಚ್ಚಿತು. ಕಟ್ಟಡಗಳು ಹೋದವು, ಗೋಡೆ ಉಳಿಯಿತು.

ಮಾರ್ಷಲ್ಸೀಯಲ್ಲಿ ಇದ್ದವರಲ್ಲಿ ಹೆಚ್ಚಿನವರು ಕೊಲೆಗಡುಕರಲ್ಲ, ಕಳ್ಳರೂ ಅಲ್ಲ. ಅವರು ಸಾಲ ತೀರಿಸಲಾರದವರು. ಅಂದಿನ ಇಂಗ್ಲೆಂಡಿನಲ್ಲಿ ಸಾಲ ಕೊಟ್ಟವನು ನ್ಯಾಯಾಲಯಕ್ಕೆ ಹೋಗಿ ಸಾಲಗಾರನನ್ನು ಜೈಲಿಗೆ ಹಾಕಿಸಬಹುದಿತ್ತು. ಹಣ ಕಟ್ಟುವವರೆಗೆ ಬಿಡುಗಡೆಯಿಲ್ಲ. ಒಳಗಿದ್ದವನು ದುಡಿದು ಹಣ ಗಳಿಸುವುದಕ್ಕೆ ದಾರಿಯೂ ಇಲ್ಲ. ಮನೆಯ ಬಾಡಿಗೆ ಕೊಡಲಾರದೆ ಹೆಂಡತಿ ಮಕ್ಕಳೂ ಜೈಲಿನ ಕೋಣೆಗೇ ಬಂದು ಸೇರುತ್ತಿದ್ದರು. ಹಗಲಿನಲ್ಲಿ ಅವರು ಹೊರಗೆ ಹೋಗಿ ಬರಬಹುದು. ರಾತ್ರಿ ಗಂಟೆ ಬಾರಿಸಿತೆಂದರೆ ಹೊರಗಿನವರು ಹೊರಗೆ, ಒಳಗಿನವರು ಒಳಗೆ. ಹೀಗೆ ತಪ್ಪೇನೆಂದು ತಿಳಿಯದ ವಯಸ್ಸಿನ ಎಷ್ಟೋ ಮಕ್ಕಳು ಈ ಗೋಡೆಯ ನೆರಳಿನಲ್ಲಿ ಬೆಳೆದರು.

135 ವಾರಗಳ ಲೆಕ್ಕ

1824ರ ಫೆಬ್ರುವರಿ 20ರಂದು ನೌಕಾಪಡೆಯ ಸಂಬಳ ಕಚೇರಿಯ ಗುಮಾಸ್ತ ಜಾನ್ ಡಿಕನ್ಸ್ ಬಂಧನಕ್ಕೊಳಗಾದ. ಬ್ರೆಡ್ ಮಾರುವ ಒಬ್ಬನಿಗೆ ಕೊಡಬೇಕಾಗಿದ್ದ 40 ಪೌಂಡು 10 ಷಿಲಿಂಗ್ ಸಾಲ ಅದಕ್ಕೆ ಕಾರಣ. ಜಾನನ ಮಗ ಚಾರ್ಲ್ಸ್‌ಗೆ ಆಗ ಹನ್ನೆರಡು ತುಂಬಿ ಹದಿಮೂರು ದಿನಗಳಾಗಿದ್ದವು. ಮುಂದೆ ಜಗತ್ತೆಲ್ಲ ಓದಿದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಈತನೇ.

ಬಂಧನಕ್ಕೆ ಮೊದಲೇ ಮನೆ ಬರಿದಾಗತೊಡಗಿತ್ತು. ಸಾಮಾನುಗಳನ್ನು ಗಿರವಿ ಅಂಗಡಿಗೆ ಹೊತ್ತವನೂ, ಅಪ್ಪನ ಪುಸ್ತಕಗಳನ್ನು ಒಂದೊಂದಾಗಿ ಮಾರಿಬಂದವನೂ ಚಾರ್ಲ್ಸ್. ಹನ್ನೆರಡು ತುಂಬಿದ ವಾರದಲ್ಲೇ ಅವನನ್ನು ಥೇಮ್ಸ್ ದಡದ ಹಂಗರ್‌ಫರ್ಡ್ ಸ್ಟೇರ್ಸ್ ಎಂಬಲ್ಲಿದ್ದ ವಾರೆನ್ ಕಾರ್ಖಾನೆಗೆ ಸೇರಿಸಲಾಯಿತು. ಇಂದಿನ ಚೇರಿಂಗ್ ಕ್ರಾಸ್ ರೈಲು ನಿಲ್ದಾಣದ ಬಳಿಯ ಜಾಗ ಅದು. ಇಲಿಗಳು ಓಡಾಡುವ ಹಳೆಯ ಕಟ್ಟಡದಲ್ಲಿ ಬೂಟಿಗೆ ಹಚ್ಚುವ ಕಪ್ಪು ತಯಾರಾಗುತ್ತಿತ್ತು. ಕಪ್ಪಿನ ಡಬ್ಬಿಯ ಬಾಯಿಗೆ ಎಣ್ಣೆ ಕಾಗದ, ಅದರ ಮೇಲೆ ನೀಲಿ ಕಾಗದ ಮುಚ್ಚಿ, ದಾರ ಸುತ್ತಿ, ಅಂಚನ್ನು ನೀಟಾಗಿ ಕತ್ತರಿಸಿ, ಕೊನೆಗೆ ಚೀಟಿ ಅಂಟಿಸುವುದು ಹುಡುಗನ ಕೆಲಸ. ಕೂಲಿ ವಾರಕ್ಕೆ ಆರು ಷಿಲಿಂಗ್.

ಗಣಿತ ಇಷ್ಟಪಡುವ ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಆಗ ಒಂದು ಪೌಂಡಿಗೆ 20 ಷಿಲಿಂಗ್. ಆದ್ದರಿಂದ ಅಪ್ಪನ ಸಾಲ 810 ಷಿಲಿಂಗ್. ಮಗ ಒಂದು ತುತ್ತೂ ತಿನ್ನದೆ, ಕೂಲಿಯ ಒಂದು ಕಾಸನ್ನೂ ಮುಟ್ಟದೆ ಕೂಡಿಟ್ಟರೆ ಆ ಸಾಲ ತೀರಲು 135 ವಾರ, ಎಂದರೆ ಎರಡೂವರೆ ವರ್ಷಕ್ಕೂ ಮೇಲೆ ಬೇಕು. ಹುಡುಗನಿಗೆ ಈ ಲೆಕ್ಕ ಗೊತ್ತಾಗದೆ ಇದ್ದಿರಲಾರದು. ವರ್ಷಕ್ಕೆ 20 ಪೌಂಡು ಆದಾಯವಿರುವವನು ಅದಕ್ಕಿಂತ ಆರು ಪೆನ್ನಿ ಕಡಿಮೆ ಖರ್ಚು ಮಾಡಿದರೆ ಸುಖಿ, ಒಂದು ಷಿಲಿಂಗ್ ಹೆಚ್ಚು ಮಾಡಿದರೆ ದುಃಖಿ ಎಂಬ ಪಾಠವನ್ನು ಅಪ್ಪ ಅವನಿಗೆ ಜೈಲಿನೊಳಗೇ ಹೇಳಿಕೊಟ್ಟಿದ್ದ.

ಏಪ್ರಿಲ್ ಹೊತ್ತಿಗೆ ತಾಯಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಮಾರ್ಷಲ್ಸೀಯ ಕೋಣೆಗೆ ಹೋದಳು. ಅಕ್ಕ ಫ್ಯಾನಿ ಸಂಗೀತ ಶಾಲೆಯಲ್ಲೇ ಉಳಿದಿದ್ದಳು. ಚಾರ್ಲ್ಸ್ ಮಾತ್ರ ನದಿಯ ಉತ್ತರಕ್ಕೆ ಕ್ಯಾಮ್ಡನ್ ಟೌನಿನಲ್ಲಿ ಪರಿಚಿತ ಹೆಂಗಸೊಬ್ಬಳ ಮನೆಯಲ್ಲಿ ಒಂಟಿ. ಭಾನುವಾರ ಅಕ್ಕನನ್ನು ಶಾಲೆಯಿಂದ ಕರೆದುಕೊಂಡು ಇಬ್ಬರೂ ಜೈಲಿಗೆ ನಡೆದು ಹೋಗಿ, ಇಡೀ ದಿನ ಅಪ್ಪ ಅಮ್ಮನ ಜೊತೆ ಕಳೆದು ರಾತ್ರಿ ಹಿಂದಿರುಗುತ್ತಿದ್ದರು. ಒಂದು ಭಾನುವಾರ ಹುಡುಗ ಅಪ್ಪನ ಮುಂದೆ ಅತ್ತುಬಿಟ್ಟ. ಆಮೇಲೆ ಜೈಲಿಗೆ ಹತ್ತಿರದ ಲ್ಯಾಂಟ್ ಸ್ಟ್ರೀಟಿನಲ್ಲಿ ಅವನಿಗೊಂದು ಅಟ್ಟದ ಕೋಣೆ ಸಿಕ್ಕಿತು. ಬೆಳಗಿನ ತಿಂಡಿಗೆ ಜೈಲು, ಹಗಲಿಗೆ ಕಾರ್ಖಾನೆ, ರಾತ್ರಿಯ ಊಟಕ್ಕೆ ಮತ್ತೆ ಜೈಲು. ಮುಂಜಾನೆ ಜೈಲಿನ ಬಾಗಿಲು ತೆರೆಯುವ ತನಕ ಅವನು ಲಂಡನ್ ಬ್ರಿಜ್ಜಿನ ಬಳಿ ಕಾಯುತ್ತಿದ್ದ. ಮನೆಗೆಲಸದ ಪುಟ್ಟ ಅನಾಥ ಹುಡುಗಿಯೂ ಅಲ್ಲಿಗೆ ಬಂದು ಸೇರುವಳು. ಅವಳಿಗೆ ಅವನು ನದಿಯ ಮೇಲಿನ, ಕೋಟೆಯ ಮೇಲಿನ ಕಟ್ಟುಕತೆಗಳನ್ನು ಹೇಳುತ್ತಿದ್ದ. ಕಾದಂಬರಿಕಾರನ ಮೊದಲ ಕೇಳುಗರಲ್ಲಿ ಅವಳೂ ಒಬ್ಬಳು.

ದಿವಾಳಿ ಕಾಯಿದೆಯ ಪ್ರಕಾರ ಬಿಡುಗಡೆ ಬೇಕಾದರೆ ಸಾಲಗಾರನ ಕುಟುಂಬದವರ ಬಟ್ಟೆ ಮತ್ತು ಮೈಮೇಲಿನ ವಸ್ತುಗಳ ಬೆಲೆ 20 ಪೌಂಡು ಮೀರಬಾರದಿತ್ತು. ಹಾಗಾಗಿ ಬೆಲೆ ಕಟ್ಟುವ ಅಧಿಕಾರಿಯ ಮುಂದೆ ಚಾರ್ಲ್ಸ್ ಕೂಡ ಹಾಜರಾಗಬೇಕಾಯಿತು. ಅಜ್ಜಿ ಕೊಟ್ಟಿದ್ದ ಹಳೆಯ ಬೆಳ್ಳಿ ಗಡಿಯಾರ ಅವನ ಜೇಬಿನಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಅದರಿಂದ ಲೆಕ್ಕ ಏರಿಬಿಟ್ಟರೆ ಅಪ್ಪನಿಗೆ ಬಿಡುಗಡೆ ತಪ್ಪೀತೇ ಎಂಬ ಭಯ. ಅಧಿಕಾರಿ ಊಟದ ನಡುವೆ ಎದ್ದು ಬಂದವನು ಹುಡುಗನನ್ನು ಒಮ್ಮೆ ನೋಡಿ ಸರಿ ಎಂದು ಕಳುಹಿಸಿದ. ಅಧಿಕಾರಿಗೆ ಅದು ಅರೆಗಳಿಗೆಯ ಕೆಲಸ. ಹುಡುಗನಿಗೆ ಅದು ಇಡೀ ಬಾಳಿಗೆ ನೆನಪಾಗಿ ಉಳಿಯಿತು.

ಸೇತುವೆಯ ಬಳಿಯ ಮನೆ

ಮಾರ್ಷಲ್ಸೀ ಗೋಡೆಯಿಂದ ಉತ್ತರಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಸದರ್ಕ್ ಸೇತುವೆ ಸಿಗುತ್ತದೆ. ಈಗ ಇರುವುದು 1921ರ ಸೇತುವೆ. ಅಂದು ಅದೇ ಜಾಗದಲ್ಲಿ ಹಳೆಯದೊಂದು ಇತ್ತು. ಈ ಪ್ರವಾಸದಲ್ಲಿ ನಿಜವಾಗಿ ನಿಂತು ನೋಡಬೇಕಾದದ್ದು ಇಲ್ಲಿ. ಫಲಕವಿಲ್ಲದ ಜಾಗ ಇದು.

ಕಾರ್ಖಾನೆಯಲ್ಲಿ ಬಾಬ್ ಫೇಗಿನ್ ಎಂಬ ದೊಡ್ಡ ಹುಡುಗನಿದ್ದ. ದಾರಕ್ಕೆ ಗಂಟು ಹಾಕುವ ಉಪಾಯವನ್ನು ಚಾರ್ಲ್ಸ್‌ಗೆ ಕಲಿಸಿದವನು ಅವನೇ. ಒಂದು ದಿನ ಚಾರ್ಲ್ಸ್‌ಗೆ ಪಕ್ಕೆಯಲ್ಲಿ ತಡೆಯಲಾರದ ನೋವು ಬಂತು. ಬಾಬ್ ಒಣಹುಲ್ಲಿನ ಹಾಸಿಗೆ ಮಾಡಿ ಮಲಗಿಸಿದ. ಕಪ್ಪಿನ ಖಾಲಿ ಸೀಸೆಗಳಿಗೆ ಬಿಸಿನೀರು ತುಂಬಿ ಅರ್ಧ ದಿನ ಶಾಖ ಕೊಟ್ಟ. ಸಂಜೆಯ ಹೊತ್ತಿಗೆ ನೋವು ಇಳಿಯಿತು. ಆದರೂ ಒಬ್ಬನನ್ನೇ ಕಳಿಸಲು ಬಾಬ್‌ಗೆ ಮನಸ್ಸು ಬರಲಿಲ್ಲ. ಮನೆಯವರೆಗೆ ಬಿಟ್ಟು ಬರುತ್ತೇನೆಂದು ಜೊತೆಗೆ ಹೊರಟ.

ಚಾರ್ಲ್ಸ್‌ಗೆ ಈಗ ನೋವಿಗಿಂತ ದೊಡ್ಡ ಸಂಕಟ ಶುರುವಾಯಿತು. ಅಪ್ಪ ಜೈಲಿನಲ್ಲಿರುವುದನ್ನು ಅವನು ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಸಾಕು, ಇನ್ನು ಹೊರಡು ಎಂದು ಎಷ್ಟು ಸಲ ಹೇಳಿದರೂ ಬಾಬ್ ಕೇಳಲಿಲ್ಲ. ಕೊನೆಗೆ ಸದರ್ಕ್ ಸೇತುವೆಯ ಹತ್ತಿರ ಯಾರದೋ ಮನೆಯ ಮೆಟ್ಟಿಲ ಬಳಿ ಚಾರ್ಲ್ಸ್ ನಿಂತ. ಇದೇ ನನ್ನ ಮನೆ ಎಂದು ಕೈಕುಲುಕಿ ಬೀಳ್ಕೊಟ್ಟ. ಬಾಬ್ ತಿರುಗಿ ನೋಡಿಯಾನೆಂಬ ಶಂಕೆಯಿಂದ ಬಾಗಿಲನ್ನೂ ತಟ್ಟಿದ. ಹೆಂಗಸೊಬ್ಬಳು ಬಾಗಿಲು ತೆರೆದಾಗ, ಇದು ರಾಬರ್ಟ್ ಫೇಗಿನ್ನರ ಮನೆಯೇ ಎಂದು ಕೇಳಿದ. ಆ ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಗೆಳೆಯನ ಹೆಸರೇ.

ಬಾಬ್ ಕೆಟ್ಟ ಹುಡುಗನಾಗಿರಲಿಲ್ಲ. ನಿಜ ಗೊತ್ತಾಗಿದ್ದರೆ ಅವನು ನಗುತ್ತಿದ್ದನೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೂ ಅಷ್ಟು ಶುಶ್ರೂಷೆ ಮಾಡಿದವನ ಮುಂದೆ ಸಹ ಬಾಯಿ ಬಿಡಲಾಗದಷ್ಟು ಅವಮಾನ ಹನ್ನೆರಡರ ಹುಡುಗನೊಳಗೆ ಮನೆ ಮಾಡಿತ್ತು. ನ್ಯಾಯಾಲಯದ ಕಾಗದದಲ್ಲಿ ಇದ್ದದ್ದು ಜಾನ್ ಡಿಕನ್ಸ್ ಎಂಬ ಒಂದೇ ಹೆಸರು. ಮಗನಿಗೆ ಶಿಕ್ಷೆ ವಿಧಿಸಿದ ನ್ಯಾಯಾಧೀಶ ಯಾರೂ ಇರಲಿಲ್ಲ. ಅದನ್ನು ವಿಧಿಸಿದ್ದು ಊರಿನ ನಾಲಿಗೆ, ಅಥವಾ ಆ ನಾಲಿಗೆಯ ಭಯ.

1824ರ ಮೇ 28ರಂದು ಅಪ್ಪನ ಬಿಡುಗಡೆಯಾಯಿತು. ಜೈಲುವಾಸ ಮೂರು ತಿಂಗಳಿಗೆ ಮುಗಿಯಿತು. ಚಾರ್ಲ್ಸ್ ಇನ್ನೂ ಕೆಲಕಾಲ ಕಾರ್ಖಾನೆಯಲ್ಲೇ ದುಡಿದು, ಆಮೇಲೆ ಶಾಲೆ ಸೇರಿದ. ಅವನ ಮಟ್ಟಿಗೆ ಶಿಕ್ಷೆ ಮುಗಿಯಲಿಲ್ಲ. ಬೂಟಿನ ಕಪ್ಪಿನ ಸೀಸೆಯ ಬಿರಡೆಗೆ ಹಚ್ಚುವ ಅಂಟಿನ ವಾಸನೆ ಮೂಗಿಗೆ ಬಡಿಯಬಾರದೆಂದು ದೊಡ್ಡವನಾದ ಮೇಲೂ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದನಂತೆ. ತನ್ನ ಹಿರಿಯ ಮಗು ಮಾತು ಕಲಿತ ನಂತರವೂ ಬರೋ ರಸ್ತೆಯ ಹಳೆಯ ದಾರಿ ಅವನ ಕಣ್ಣಲ್ಲಿ ನೀರು ತರಿಸುತ್ತಿತ್ತಂತೆ. ಪ್ರಸಿದ್ಧಿ ಬಂತು, ಹಣ ಬಂತು. ಮಕ್ಕಳಿಗೂ ಅವನು ಈ ವಿಷಯ ಹೇಳಲಿಲ್ಲ. ಗೆಳೆಯ ಜಾನ್ ಫಾರ್ಸ್ಟರ್‌ಗೆ 1847ರ ಸುಮಾರಿಗೆ ಹೇಳಿದ್ದು, ಡಿಕನ್ಸ್ 1870ರಲ್ಲಿ ತೀರಿಕೊಂಡ ಮೇಲೆ, ಫಾರ್ಸ್ಟರ್ ಬರೆದ ಜೀವನಚರಿತ್ರೆಯ ಮೂಲಕ 1872ರಲ್ಲಿ ಜಗತ್ತಿಗೆ ತಿಳಿಯಿತು. ಸುಮಾರು ಐವತ್ತು ವರ್ಷಗಳ ಮೌನ ಅದು.

ಬಾಯಲ್ಲಿ ಹೇಳಲಾಗದ್ದನ್ನು ಅವನು ಕತೆಯಲ್ಲಿ ಹೇಳಿದ. 1855ರಿಂದ 1857ರವರೆಗೆ ಕಂತುಗಳಲ್ಲಿ ಬಂದ 'ಲಿಟಲ್ ಡಾರಿಟ್' ಕಾದಂಬರಿಯ ನಾಯಕಿ ಏಮಿ ಹುಟ್ಟುವುದೇ ಮಾರ್ಷಲ್ಸೀಯಲ್ಲಿ. ಹಗಲೆಲ್ಲ ಹೊರಗೆ ಹೊಲಿಗೆ ಕೆಲಸ ಮಾಡಿ ಒಳಗಿರುವ ಅಪ್ಪನನ್ನು ಸಾಕುವ ಹುಡುಗಿ ಅವಳು. ಒಂದು ರಾತ್ರಿ ಜೈಲಿನ ಬಾಗಿಲು ಮುಚ್ಚಿದ ಮೇಲೆ ಬಂದು, ಸೇಂಟ್ ಜಾರ್ಜ್ ಚರ್ಚಿನಲ್ಲಿ ದಾಖಲೆ ಪುಸ್ತಕವನ್ನೇ ದಿಂಬು ಮಾಡಿಕೊಂಡು ಮಲಗುತ್ತಾಳೆ. ಆ ಚರ್ಚಿನ ಪೂರ್ವದ ಬಣ್ಣದ ಗಾಜಿನ ಕಿಟಕಿಯಲ್ಲಿ ಮಂಡಿಯೂರಿದ ಅವಳ ಪುಟ್ಟ ಚಿತ್ರವಿದೆ. ಹುಡುಕಿ ನೋಡಬೇಕು. ಪಕ್ಕದ ಬೀದಿಗಳಿಗೂ ಅವನ ಪಾತ್ರಗಳ ಹೆಸರು ಬಂದಿದೆ. ಲ್ಯಾಂಟ್ ಸ್ಟ್ರೀಟಿನಲ್ಲಿ ಈಗ ಚಾರ್ಲ್ಸ್ ಡಿಕನ್ಸ್ ಹೆಸರಿನ ಪ್ರಾಥಮಿಕ ಶಾಲೆಯೇ ಇದೆ. ಶಾಲೆಗೆ ಹೋಗಲಾರದೆ ಒಬ್ಬ ಹುಡುಗ ಓಡಾಡಿದ ಬೀದಿಯಲ್ಲಿ ಇಂದು ಶಾಲೆಯ ಗಂಟೆ ಬಾರಿಸುತ್ತದೆ.

ಗೋಡೆಗಳು ಬೇರೆ, ಮಕ್ಕಳು ಅವರೇ

ಸಾಲಕ್ಕಾಗಿ ಜೈಲಿಗೆ ಹಾಕುವ ಪದ್ಧತಿಯನ್ನು ಇಂಗ್ಲೆಂಡ್ 1869ರ ಕಾಯಿದೆಯಿಂದ ಬಹುಮಟ್ಟಿಗೆ ನಿಲ್ಲಿಸಿತು. ಆದರೆ ಜೈಲಿನಲ್ಲಿರುವವರ ಮಕ್ಕಳು ಇಲ್ಲವಾಗಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ವರ್ಷದ ಅವಧಿಯಲ್ಲಿ 1 ಲಕ್ಷ 90 ಸಾವಿರಕ್ಕೂ ಹೆಚ್ಚು ಮಕ್ಕಳ ತಂದೆಯೋ ತಾಯಿಯೋ ಜೈಲು ಕಾಣುತ್ತಾರೆಂದು ಅಲ್ಲಿನ ನ್ಯಾಯ ಸಚಿವಾಲಯ 2024ರಲ್ಲಿ ಅಂದಾಜು ಮಾಡಿತು.

ಭಾರತದ ಜೈಲುಗಳಲ್ಲಿ 2022ರ ಕೊನೆಗೆ 5 ಲಕ್ಷ 73 ಸಾವಿರ ಬಂದಿಗಳಿದ್ದರು. ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ಎಂದರೆ ಅಪರಾಧ ಇನ್ನೂ ಸಾಬೀತಾಗದವರು. ತಾಯಿಯ ಜೊತೆ ಜೈಲಿನೊಳಗೇ ಇದ್ದ ಮಕ್ಕಳನ್ನು ಸರ್ಕಾರದ ವಾರ್ಷಿಕ ವರದಿ ಎಣಿಸಿದೆ: 1,764. ಹೊರಗೆ ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಹಾಸ್ಟೆಲಿನಲ್ಲೋ ಬೆಳೆಯುತ್ತಿರುವ ಮಕ್ಕಳಿಗೆ ಆ ವರದಿಯಲ್ಲಿ ಕೋಷ್ಟಕವಿಲ್ಲ. ಅವರ ಹೆಸರುಗಳು ಇರುವುದು ಶಾಲೆಗಳ ಹಾಜರಿ ಪುಸ್ತಕಗಳಲ್ಲಿ.

ಒಳಗಿರುವ ಮಕ್ಕಳ ಪರವಾಗಿ ಭಾರತದ ಸುಪ್ರೀಂ ಕೋರ್ಟು 2006ರ ಏಪ್ರಿಲ್ 13ರಂದು ಮಹತ್ವದ ತೀರ್ಪು ಕೊಟ್ಟಿತು. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ಮಗುವನ್ನು ಬಂದಿಯಂತೆ ಕಾಣಕೂಡದು. ಊಟ, ಬಟ್ಟೆ, ಔಷಧೋಪಚಾರ, ಪಾಠ, ಆಟ ಅದರ ಹಕ್ಕು ಎಂದು ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಸಣ್ಣ ಸೂಚನೆಯಿದೆ. ಮಗು ಜೈಲಿನಲ್ಲಿ ಹುಟ್ಟಿದರೆ ಜನನ ದಾಖಲೆಯಲ್ಲಿ ಜೈಲಿನ ಹೆಸರು ಬರೆಯಬಾರದು, ಆ ಬಡಾವಣೆಯ ವಿಳಾಸ ಮಾತ್ರ ಬರೆಯಬೇಕು. ಬಾಬ್ ಫೇಗಿನ್ನನ ಮುಂದೆ ಹುಡುಗ ಹುಡುಕಿದ್ದು ಇಂಥದೇ ಒಂದು ವಿಳಾಸವನ್ನು. ಅವನು ಸುಳ್ಳು ಹೇಳಿ ಪಡೆಯಬೇಕಾಗಿದ್ದ ಆಸರೆಯನ್ನು ನ್ಯಾಯಾಲಯ ಈ ಮಕ್ಕಳಿಗೆ ಕಾನೂನಿನಿಂದಲೇ ಕೊಟ್ಟಿತು.

ತಂದೆ ತಾಯಿಯ ಸ್ಥಿತಿಯ ಕಾರಣಕ್ಕೆ ಮಗುವಿಗೆ ಶಿಕ್ಷೆಯಾಗಲಿ ತಾರತಮ್ಯವಾಗಲಿ ಆಗಬಾರದೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ದೆಹಲಿಯಲ್ಲಿ ಇಂಥ ಮಕ್ಕಳ ಓದಿಗೂ ಜೀವನಕ್ಕೂ ನೆರವು ಕೊಡುವ ಯೋಜನೆ 2014ರಲ್ಲಿ ರೂಪುಗೊಂಡಿತು. ಕರ್ನಾಟಕದಲ್ಲೂ ಜಿಲ್ಲೆ ಜಿಲ್ಲೆಗೆ ಮಕ್ಕಳ ಕಲ್ಯಾಣ ಸಮಿತಿಗಳಿವೆ. ಆಸರೆಯಿಲ್ಲದ ಮಗುವಿನ ವಿಷಯ ತಿಳಿಸಲು 1098 ಎಂಬ ದೂರವಾಣಿ ಸಂಖ್ಯೆಯಿದೆ. ಇವೆಲ್ಲ ಬೇಕಾದದ್ದೇ. ಆದರೆ ಊರಿನ ನಾಲಿಗೆ ಕೊಟ್ಟ ಶಿಕ್ಷೆಯನ್ನು ಯಾವ ಸಮಿತಿಯೂ ರದ್ದುಮಾಡಲಾರದು. ಅದನ್ನು ಊರೇ ಹಿಂದಕ್ಕೆ ಪಡೆಯಬೇಕು.

ಊರು ಮನಸ್ಸು ಮಾಡಿದರೆ ಅದು ಆಗದ ಕೆಲಸವೇನಲ್ಲ. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಅಪ್ಪ ಜೈಲಿಗೆ ಹೋದರೆ ಮಕ್ಕಳು ತಲೆಯೆತ್ತಿ ನಡೆಯುತ್ತಿದ್ದರು. ಜವಾಹರಲಾಲ್ ನೆಹರೂ 1930ರ ಅಕ್ಟೋಬರ್ 26ರಂದು ನೈನಿ ಜೈಲಿನಿಂದ ಮಗಳು ಇಂದಿರೆಗೆ ಬರೆಯತೊಡಗಿದ ಕಾಗದಗಳು ಮುಂದೆ ಜಗತ್ತಿನ ಚರಿತ್ರೆಯನ್ನು ಹೇಳುವ ದೊಡ್ಡ ಪುಸ್ತಕವೇ ಆದವು. ಆ ಮನೆಯಲ್ಲೂ ಊಟದ ಹೊತ್ತಿಗೆ ಅಪ್ಪನ ಜಾಗ ಖಾಲಿಯೇ ಇತ್ತು. ಅಗಲಿಕೆಯ ನೋವು ಆ ಮಗುವಿಗೂ ಇತ್ತು, ಈ ಮಗುವಿಗೂ ಇದೆ. ವ್ಯತ್ಯಾಸವಿರುವುದು ಬೀದಿಯವರು ನೋಡುವ ನೋಟದಲ್ಲಿ. ಅಪರಾಧಿಯನ್ನು ಹೋರಾಟಗಾರನೆಂದು ಕೊಂಡಾಡಬೇಕೆಂದು ಇದರ ಅರ್ಥವಲ್ಲ. ಅಪರಾಧಕ್ಕೆ ಶಿಕ್ಷೆ ಆಗಲೇಬೇಕು, ನೊಂದವರಿಗೆ ನ್ಯಾಯ ಸಿಗಲೇಬೇಕು. ಆ ಲೆಕ್ಕದಲ್ಲಿ ಮಗುವಿನ ಹೆಸರು ಸೇರಕೂಡದು, ಅಷ್ಟೆ.

ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗದಲ್ಲಿ ಒಂದು ಹುಡುಗಿಯ ಪೆನ್ನು ನಿಂತರೆ, ಖಾಲಿ ಬಿಡು ಎಂದು ಮೆಲ್ಲಗೆ ಹೇಳುವ ಮೇಷ್ಟರು ಸಾಕು. ಪೋಷಕರ ಸಭೆಗೆ ಅಜ್ಜಿ ಬಂದರೆ ಅಪ್ಪ ಎಲ್ಲಿ ಎಂದು ನಾಲ್ಕು ಜನರ ಎದುರು ಕೇಳದಿದ್ದರೆ ಸಾಕು. ಜೈಲಿನಲ್ಲಿ ಭೇಟಿಯ ದಿನಕ್ಕೆ ರಜೆ ಬೇಕಾದಾಗ ಕಾರಣವನ್ನು ತರಗತಿಯಲ್ಲಿ ಓದಿ ಹೇಳದಿದ್ದರೆ ಸಾಕು. ತಂದೆ ತಾಯಂದಿರು ಮನೆಯಲ್ಲಿ, ಅವರ ಮನೆಯ ಹುಡುಗನ ಜೊತೆ ಸೇರಬೇಡ ಎಂಬ ಒಂದು ಮಾತನ್ನು ನುಂಗಿಕೊಂಡರೆ, ಅವನ ಪಾಲಿನ ಶಿಕ್ಷೆಯಲ್ಲಿ ಅರ್ಧ ಕಡಿಮೆಯಾಗುತ್ತದೆ. ವಿದ್ಯಾರ್ಥಿಗಳಿಗೆ ಬಾಬ್ ಫೇಗಿನ್ ಮಾಡಿದ್ದೇ ಮಾದರಿ: ಪ್ರಶ್ನೆ ಕೇಳದೆ ಬಿಸಿನೀರಿನ ಸೀಸೆ ತಂದುಕೊಡುವುದು, ಜೊತೆಗೆ ನಡೆಯುವುದು. ಗೆಳೆಯ ತಾನಾಗಿ ಹೇಳಿದರೆ ಕೇಳುವುದು, ಕೇಳಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವುದು. ಹೇಳದಿದ್ದರೂ ಸ್ನೇಹ ಬಿಡದಿರುವುದು.

ಬೆಂಗಳೂರಿನ ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು ಕೂಡ ಈಗ ಉದ್ಯಾನ. 2008ರಲ್ಲಿ ಅದು ಫ್ರೀಡಂ ಪಾರ್ಕ್ ಎಂದು ತೆರೆಯಿತು. ಜೈಲು ಅಲ್ಲಿಂದ ಪರಪ್ಪನ ಅಗ್ರಹಾರಕ್ಕೆ ಹೋಗಿದೆ, ಅದರ ಜೊತೆಗೆ ಮಕ್ಕಳ ಕಾಯುವಿಕೆಯೂ ಅಲ್ಲಿಗೆ ಹೋಗಿದೆ. ಸದರ್ಕಿನಲ್ಲೂ ಹಾಗೆಯೇ, ಮಾರ್ಷಲ್ಸೀಯ ಗೋಡೆಗೆ ಒರಗಿ ಕುಳಿತವರಿಗೆ ಇಂದು ಜೈಲಿನ ಗಂಟೆ ಕೇಳಿಸುವುದಿಲ್ಲ. ಗೋಡೆ ನೋಡಿದವರು ಹಿಂದಿರುಗುವಾಗ ಸೇತುವೆಯ ಕಡೆಯಿಂದ ಹೋಗುವುದು ಒಳ್ಳೆಯದು. ಅಲ್ಲಿ ಯಾವುದೋ ಮನೆಯ ಮೆಟ್ಟಿಲ ಮೇಲೆ ಒಬ್ಬ ಹುಡುಗ ತನ್ನದಲ್ಲದ ಬಾಗಿಲನ್ನು ತಟ್ಟಿ ನಿಂತಿದ್ದ. ಬಾಗಿಲು ತೆರೆದ ಹೆಂಗಸು ಏನು ಉತ್ತರ ಕೊಟ್ಟಳೆಂದು ಅವನು ಬರೆದಿಲ್ಲ.